ವೈನ್ ‘ಪೇರಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ಚಕ್ಕಣ, ಹಚ್ಚಿಕೊಳ್ಳುವುದು, ಒಪ್ಪುವುದು

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ಹದಿನೈದು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ನಮ್ಮ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾನೆ. ಹತ್ತನೇ ತರಗತಿವರೆಗೆ ನವಲಗುಂದದಲ್ಲಿ ಕನ್ನಡ ಮಾಧ್ಯಮ, ಈಗ ಎಲ್ಲಾ ಪಾಠ ಇಂಗ್ಲಿಷ್‌ನಲ್ಲಿ. ಅವನಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಬೇರೆ ದೇಶದ ಅಧ್ಯಕ್ಷರು ಪ್ಯಾರಿಸ್‌ಗೆ ಬಂದಾಗ ಸರ್ಕಾರ ಕೊಡುವ ಮಧ್ಯಾಹ್ನದ ಔತಣಕ್ಕೆ ಅಡುಗೆ ಪಟ್ಟಿ ಮಾಡಬೇಕು, ಒಂದೊಂದು ತಿನಿಸಿಗೂ ಯಾವ ವೈನ್ ಅಂತ ಆರಿಸಬೇಕು (ಇದಕ್ಕೇ ಇಂಗ್ಲಿಷ್‌ನಲ್ಲಿ ಪೇರಿಂಗ್ ಅನ್ನುತ್ತಾರೆ), ಯಾಕೆ ಅಂತಲೂ ಬರೆಯಬೇಕು. (ನಮ್ಮ ರಾಷ್ಟ್ರಪತಿ ಭವನದ ಔತಣಗಳಲ್ಲಿ ಮದ್ಯ ಬಡಿಸುವ ರೂಢಿ ಇಲ್ಲ, ಅದಕ್ಕೇ ಪ್ಯಾರಿಸ್.) ಮೊದಲು ಕನ್ನಡದಲ್ಲಿ ಬರೆದು ಅರ್ಥ ಮಾಡಿಕೊಳ್ಳೋಣ ಅಂತ ಧಾರವಾಡಕ್ಕೆ ನಮ್ಮ ಮನೆಗೆ ಬಂದ. ಕೂತ ಕೂಡಲೇ ಕೇಳಿದ: "ಮಾಮಾ, ಪೇರಿಂಗ್ ಅಂದ್ರ ಕನ್ನಡದಾಗ ಏನಂತ ಬರೀಲಿ?"

ಹೊಂದಾಣಿಕೆ ಅಂದೆ. ಅವನು ಬರೆದು ಓದಿದಾಗ ಚುನಾವಣೆ ಸುದ್ದಿ ಕೇಳಿದ ಹಾಗಾಯಿತು. ಎರಡು ಪಕ್ಷದವರು ಸೀಟು ಹಂಚಿಕೊಳ್ಳುವುದಕ್ಕೆ ನಾವು ಆ ಪದವನ್ನು ಅಷ್ಟು ಬಳಸಿಬಿಟ್ಟಿದ್ದೇವೆ. ಜೋಡಿ ಅಂದರೆ ಎತ್ತಿನ ಜೋಡಿ, ಎರಡೂ ಸಮ. ಇಲ್ಲಿ ಎರಡೂ ಸಮ ಅಲ್ಲ. ಮೊದಲು ಅಡುಗೆ ಗೊತ್ತಾಗಬೇಕು, ಆಮೇಲೆ ಅದಕ್ಕೆ ವೈನ್ ಹುಡುಕಬೇಕು.

ಆಗ ನಮ್ಮ ಕಡೆಯ ಮಾತು ನೆನಪಾಯಿತು. "ರೊಟ್ಟಿಗೆ ಹಚ್ಚಿಕೊಳ್ಳಾಕ ಏನೈತಿ?" ಅಂತ ದಿನಾ ಕೇಳುತ್ತೇವೆ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ರಂಜಕ, ಇವೆಲ್ಲ ಹಚ್ಚಿಕೊಳ್ಳುವ ಪದಾರ್ಥ. ಮೈಸೂರು ಕಡೆಯವರು ನಂಚಿಕೊಳ್ಳುವುದು, ನೆಂಚಿಕೊಳ್ಳುವುದು ಅನ್ನುತ್ತಾರೆ. ಒಳ್ಳೆಯ ಪದಗಳು, ಆದರೆ ಇವುಗಳಲ್ಲಿ ಮುಟ್ಟಿಸಿ ತಿನ್ನುವ ಕೆಲಸ ಇದೆ. ಮೀನಿನ ತುಂಡನ್ನು ಯಾರೂ ವೈನ್‌ಗೆ ಹಚ್ಚಿಕೊಂಡು ತಿನ್ನುವುದಿಲ್ಲ, ಅಲ್ವಾ?

ಹಳಗನ್ನಡದಲ್ಲಿ ಚಕ್ಕಣ ಅಂತ ಒಂದು ಪದ ಇದೆ. ಕುಡಿಯುವಾಗ ನಡುನಡುವೆ ತಿನ್ನುವ ಖಾರದ, ರುಚಿಯ ತಿನಿಸು ಅದು. ಇದನ್ನು ನೋಡಿದಾಗ ನನಗೆ ಬಹಳ ಖುಷಿಯಾಯಿತು. ಯಾಕಂದರೆ ಈಗ ನಮ್ಮ ಊರಿನ ಬಾರ್‌ಗಳಲ್ಲಿ ಕೇಳುವ ಚಕ್ನಾ ಕೂಡ ಅದೇ ಅರ್ಥದ್ದು. ಚಕ್ನಾ ಹಿಂದಿಯಿಂದ ಬಂದದ್ದು, ಅಲ್ಲಿ ಚಖನಾ ಅಂದರೆ ರುಚಿ ನೋಡು ಅಂತ. ಹಳಗನ್ನಡದ ಚಕ್ಕಣಕ್ಕೂ ಇದಕ್ಕೂ ನಂಟು ಇದೆಯೋ, ಸುಮ್ನೆ ದನಿ ಕೂಡಿದೆಯೋ? ತಿಳಿದವರು ದಯವಿಟ್ಟು ಬರೆಯಿರಿ. ಆದರೆ ಚಕ್ಕಣದಲ್ಲಿ ದಿಕ್ಕು ಉಲ್ಟಾ. ಅಲ್ಲಿ ಕುಡಿಯುವುದು ಮುಖ್ಯ, ತಿನಿಸು ಅದಕ್ಕೆ ಜೊತೆ. ಔತಣದಲ್ಲಿ ಊಟ ಮುಖ್ಯ, ವೈನ್ ಅದಕ್ಕೆ ಜೊತೆ. ತಿನಿಸಿಗೆ ತಿನಿಸು ಜೊತೆಯಾದರೆ ಪದ ಇದೆ, ಕುಡಿತಕ್ಕೆ ತಿನಿಸು ಜೊತೆಯಾದರೂ ಇದೆ, ಊಟಕ್ಕೆ ಪಾನೀಯ ಆರಿಸುವುದಕ್ಕೆ ಮಾತ್ರ ನನಗೆ ಸಿಗಲಿಲ್ಲ.

ಉಳಿದ ಪದಗಳಲ್ಲೂ ಹೀಗೇ ಎಡವಿದೆವು. ಡ್ರೈ ವೈನ್ ಅನ್ನು ಹುಡುಗ "ಒಣ ವೈನ್" ಅಂತ ಬರೆದಿದ್ದ. ದ್ರಾಕ್ಷಿಯ ಸಕ್ಕರೆಯನ್ನು ಹೆಚ್ಚುಕಡಿಮೆ ಪೂರ್ತಿ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿದ ಮೇಲೆ ಸಿಹಿ ಉಳಿಯದ ವೈನ್ ಅದು. ‘ಸಿಹಿಯಿಲ್ಲದ’ ಅಂತ ಸರಳವಾಗಿ ಬರೆದರೆ ಸಾಕು ಅಂತ ನನ್ನ ಅಭಿಪ್ರಾಯ. ಶಾಂಪೇನ್‌ನಲ್ಲಿ ಮಾತ್ರ ಹುಷಾರಾಗಿರಬೇಕು. ಬ್ರೂಟ್ ಅಂತ ಬರೆದಿದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈ ಅಂತ ಇದ್ದರೆ 12ರಿಂದ 17 ಗ್ರಾಂ, ಅಂದರೆ ಅದೇ ಜಾಸ್ತಿ ಸಿಹಿ. ಪದಕ್ಕೆ ಪದ ಇಟ್ಟರೆ ಅರ್ಥ ತಿರುಗಿ ಬೀಳುತ್ತದೆ.

ಬಾಯಲ್ಲಿ ಗಟ್ಟಿಯಾಗಿ, ತುಂಬಿದ ಹಾಗೆ ಅನಿಸುವ ವೈನ್‌ಗೆ ಫುಲ್ ಬಾಡಿ ಅನ್ನುತ್ತಾರೆ. ಅದಕ್ಕೆ ‘ಮೈದುಂಬಿದ’ ಅಂತ ಒಬ್ಬರು ಸೂಚಿಸಿದರು. ನಮ್ಮ ಕಡೆ ದೇವಿ ಮೈದುಂಬುತ್ತಾಳೆ, ಹಾಗಾಗಿ ಅದನ್ನು ಬಿಟ್ಟೆ. ಸಾರಿಗೆ ತಿಳಿ, ಗಟ್ಟಿ ಅನ್ನುವ ಹಾಗೆ ವೈನ್‌ಗೂ ಅನ್ನಬಹುದು.

ಟ್ಯಾನಿನ್‌ಗೆ ಮಾತ್ರ ನಮ್ಮಲ್ಲಿ ಚಿನ್ನದಂಥ ಪದ ಇದೆ: ಒಗರು. ನೇರಳೆ ಹಣ್ಣು ತಿಂದಾಗ, ಹಸಿ ಬಾಳೆಕಾಯಿ ಕಚ್ಚಿದಾಗ, ಎಳೆ ಅಡಿಕೆ ಅಗಿದಾಗ ನಾಲಿಗೆ ಹಿಡಿದ ಹಾಗೆ ಆಗುತ್ತದಲ್ಲ, ಕೆಂಪು ವೈನ್ ಮಾಡುವುದೂ ಅದನ್ನೇ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಬಾಯಿ ಒಣಗಿದ ಹಾಗೆ ಅನಿಸುತ್ತದೆ. ಜೊತೆಗೆ ಕೊಬ್ಬಿರುವ ಮಾಂಸ ಇದ್ದರೆ ಆ ಹಿಡಿತ ಸಡಿಲವಾಗುತ್ತದೆ. ಕುರಿಮರಿ ಮಾಂಸಕ್ಕೆ ಫ್ರಾನ್ಸಿನ ಬೋರ್ಡೋ ಕಡೆಯ ಕೆಂಪು ವೈನ್ ಅಂತ ಹೇಳುವುದು ಇದಕ್ಕೇ. ‘ಒಗರು’ ಅಂದ ಕೂಡಲೇ ಹುಡುಗನಿಗೆ ಅರ್ಥವಾಯಿತು. ಇಂಗ್ಲಿಷ್ ಪುಸ್ತಕದ ಎರಡು ಪುಟ ಮಾಡದ ಕೆಲಸವನ್ನು ಒಂದು ಪದ ಮಾಡಿತು.

ಉಳಿದದ್ದನ್ನೂ ನಮ್ಮ ಬಾಯಿಯ ಅನುಭವದಿಂದಲೇ ಹೇಳಿದೆ. ಧಾರವಾಡ ಪೇಡೆ ತಿಂದು ಚಹಾ ಕುಡಿದರೆ ಚಹಾಕ್ಕೆ ಸಕ್ಕರೆಯೇ ಹಾಕಿಲ್ಲ ಅನಿಸುತ್ತದೆ. ಅದಕ್ಕೇ ಸಿಹಿ ತಿನಿಸಿನ ಜೊತೆ ಕೊಡುವ ವೈನ್ ಆ ತಿನಿಸಿಗಿಂತ ಸಿಹಿ ಇರಬೇಕು. ಮಿರ್ಚಿ ಭಜಿ ತಿಂದ ಬಾಯಿಗೆ ಬಿಸಿ ಚಹಾ ಬಿದ್ದರೆ ಉರಿ ಏರುತ್ತದೆ, ಆಲ್ಕೋಹಾಲ್ ಜಾಸ್ತಿ ಇರುವ ವೈನ್ ಕೂಡ ಹಾಗೇ ಮಾಡುತ್ತದೆ. ಬೆಣ್ಣೆ ಹಾಕಿದ ಮೀನಿಗೆ ಶಾಬ್ಲಿಯಂಥ ಹುಳಿ ಇರುವ ಬಿಳಿ ವೈನ್ ಯಾಕೆ ಅಂದರೆ, ನಾವು ಜಿಡ್ಡಿನ ತಿನಿಸಿಗೆ ನಿಂಬೆಹಣ್ಣು ಹಿಂಡುವುದಿಲ್ಲವೇ? ಉಪ್ಪುಪ್ಪಾದ ರಾಕ್‌ಫೋರ್ಟ್ ಚೀಸ್‌ಗೆ ಸೋಟೆರ್ನ್ ಅನ್ನುವ ಸಿಹಿ ವೈನ್ ಕೊಡುತ್ತಾರೆ. ಹೋಳಿಗೆ ಉಂಡು ಕಟ್ಟಿನ ಸಾರು ಕುಡಿಯುವವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಯಾರಾದರೂ ಕೇಳಬಹುದು. ಫ್ರಾನ್ಸಿನಲ್ಲಿ ವೈನ್ ಊಟದ ಪಕ್ಕದ್ದಲ್ಲ, ಊಟದ ಒಳಗಿನದು. ಅಲ್ಲಿನ ಅಧ್ಯಕ್ಷರ ನಿವಾಸವಾದ ಎಲಿಸೆ ಅರಮನೆಗೆ 1947ರಿಂದ ತನ್ನದೇ ವೈನ್ ನೆಲಮಾಳಿಗೆ ಇದೆ. ಇರಾನಿನ ಅಧ್ಯಕ್ಷ ಹಸನ್ ರೂಹಾನಿ 2016ರ ಜನವರಿಯಲ್ಲಿ ಪ್ಯಾರಿಸ್‌ಗೆ ಬಂದಾಗ, ಮೇಜಿನ ಮೇಲೆ ವೈನ್ ಬೇಡ ಅಂತ ಅವರ ಕಡೆಯವರು, ತೆಗೆಯಲು ಆಗುವುದಿಲ್ಲ ಅಂತ ಫ್ರಾನ್ಸಿನವರು, ಹೀಗಾಗಿ ಅಧ್ಯಕ್ಷರಿಬ್ಬರ ಔತಣವೇ ನಡೆಯಲಿಲ್ಲ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಹಾಗಾಗಿ ‘ಊಟ ಮತ್ತು ಪಾನೀಯ’ ಅಂತ ಬೇರೆ ಬೇರೆ ಇಡಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ನಾನು ‘ಒಪ್ಪುವುದು’ ಹತ್ತಿರ ನಿಂತಿದ್ದೇನೆ. "ಮುಳಗಾಯಿ ಎಣ್ಣೆಗಾಯಿಗೆ ಸಜ್ಜಿ ರೊಟ್ಟಿ ಒಪ್ಪತದ" ಅಂತ ನಮ್ಮ ಅವ್ವ ಅನ್ನುತ್ತಿದ್ದಳು. ಈ ಮೀನಿಗೆ ಈ ವೈನ್ ಒಪ್ಪುತ್ತದೆ ಅಂದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೂ ಸರಿಯಾಗಿ ಕೂಡುತ್ತದೆ. ಆದರೆ ಇದು ಕ್ರಿಯಾಪದ. ತಲೆಬರಹಕ್ಕೆ ಒಂದು ನಾಮಪದ ಬೇಕು. ‘ಒಪ್ಪಿಗೆ’ ಅಂದರೆ ಸಹಿ ಹಾಕಿದ ಹಾಗೆ, ‘ಒಪ್ಪಂದ’ ಅಂತೂ ಆಗುವುದೇ ಇಲ್ಲ. ‘ಒಪ್ಪುಜೊತೆ’ ಅಂತ ಕಟ್ಟಿ ನೋಡಿದೆ, ನಾಲಿಗೆಗೆ ಇನ್ನೂ ಹೊಸದು.

ಗದಗ, ಹಾವೇರಿ ಕಡೆ, ಕರಾವಳಿ ಕಡೆ, ಕೊಡಗಿನಲ್ಲಿ, ಊಟಕ್ಕೆ ತಕ್ಕ ಹಾಗೆ ಮಜ್ಜಿಗೆಯೋ ಕಳ್ಳೋ ಬೇರೆ ಏನೋ ಆರಿಸುವುದಕ್ಕೆ ಯಾವುದಾದರೂ ಪದ ಬಳಕೆಯಲ್ಲಿ ಇದೆಯಾ? ಹುಡುಗ ಮುಂದಿನ ಸೋಮವಾರ ಬರೆದು ಕೊಡಬೇಕು.