ಮಾವನ ಅರವತ್ತಕ್ಕೆ ಹಳೇ ಎಚ್‌ಎಂಟಿ ವಾಚು: ಕೊಂಡವರು, ರಿಪೇರಿ ಮಾಡಿಸಿದವರು ಸ್ವಲ್ಪ ಹೇಳಿ

ಕೇಳಿದವರು, ತುಮಕೂರು

ನಮ್ಮ ಸೋದರಮಾವನಿಗೆ ಬರುವ ತಿಂಗಳು ಅರವತ್ತು ತುಂಬುತ್ತೆ. ಮನೆಯಲ್ಲೇ ಸಣ್ಣದಾಗಿ ಶಾಂತಿ ಇಟ್ಟುಕೊಂಡಿದ್ದೇವೆ. 1981ರಲ್ಲಿ ಅವರು ಎಸ್ಸೆಸ್ಸೆಲ್ಸಿ ಪಾಸಾದಾಗ ತಾತ ಒಂದು ಎಚ್‌ಎಂಟಿ ಕೊಡಿಸಿದ್ದರಂತೆ. ಮದುವೆಯಾದ ಹೊಸದರಲ್ಲಿ ಶಿರಾ ಬಸ್ಸಿನಲ್ಲಿ ಅದು ಕಳೆದುಹೋಯ್ತು. ವಾಚಿನ ಮಾತು ಬಂದರೆ ಇವತ್ತಿಗೂ ಅದೇ ಕಥೆ. ಅಂಥದ್ದೇ ಒಂದು ಕೊಡೋಣ ಅಂತ ನಾನು, ತಂಗಿ ಸೇರಿ ಐದು ಸಾವಿರ ಎತ್ತಿಟ್ಟಿದ್ದೇವೆ. ಆನ್‌ಲೈನಿನಲ್ಲಿ 'ಜನತಾ' 1,200ಕ್ಕೇ ಕಾಣ್ತಿದೆ. ಹಸಿರು ಡಯಲ್, ಫಳಫಳ ಅಂತಿದೆ. ತಗೊಳ್ಳಬಹುದಾ? ನನಗೆ ವಾಚಿನ ಗಂಧಗಾಳಿ ಇಲ್ಲ.

ಕೋಲಾರದಿಂದ

ಮೊದಲು ಕಳೆದದ್ದು ಯಾವ ವಾಚು ಅಂತ ಗೊತ್ತುಮಾಡಿಕೊಳ್ಳಿ. ಎಚ್‌ಎಂಟಿ ಅಂದರೆ ಒಂದೇ ಅಲ್ಲ. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ್, ಹೀಗೆ ಪಟ್ಟಿ ಉದ್ದ ಇದೆ. ಮಾವನನ್ನೇ ಕೇಳಿದರೆ ಗುಟ್ಟು ರಟ್ಟಾಗುತ್ತೆ. ಮದುವೆ ಆಲ್ಬಮ್ ತೆಗೆದು ಎಡಗೈ ನೋಡಿ, ಇಲ್ಲಾಂದ್ರೆ ನಿಮ್ಮತ್ತೆಯನ್ನು ಕೇಳಿ. ಕಪ್ಪು ಡಯಲ್ ಮೇಲೆ ದೊಡ್ಡ ಬಿಳಿ ಅಂಕಿ ಇದ್ದರೆ ಪೈಲಟ್ ಇರಬಹುದು. ವಾರ, ತಾರೀಖು ಎರಡೂ ಇದ್ದು ಸ್ವಲ್ಪ ದಪ್ಪಗಿದ್ದರೆ ಕಾಂಚನ್ ಆಗಿರಬಹುದು. ಆ ಕಾಲದಲ್ಲಿ ಮದುವೆ ಗಂಡುಗಳು ಹಟ ಹಿಡಿದು ಕೇಳುತ್ತಿದ್ದ ಆಟೊಮ್ಯಾಟಿಕ್ (ಕೈ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ವಾಚು) ಅದೇ.

ಇನ್ನೊಂದು ಮಾತು. ಕೊಳ್ಳುವ ಮುಂಚೆ ನೆಂಟರ ಮನೆಗಳಲ್ಲಿ ಒಂದು ಸುತ್ತು ವಿಚಾರಿಸಿ. ನಮ್ಮ ದೊಡ್ಡಪ್ಪನ ಗಾಡ್ರೇಜ್ ಬೀರುವಿನಲ್ಲಿ ಎರಡು ಎಚ್‌ಎಂಟಿ ಸುಮ್ನೆ ಬಿದ್ದಿದ್ದವು. ಒಂದಕ್ಕೆ ಸರ್ವಿಸ್ ಮಾಡಿಸಿದೆ ಅಷ್ಟೇ, ಈಗ ನನ್ನ ಕೈಯಲ್ಲೇ ಓಡ್ತಿದೆ.

ತುಮಕೂರಿನವಳೇ, ಅಪ್ಪ ಎಚ್‌ಎಂಟಿಯಲ್ಲಿದ್ದರು

ಆ ಹಸಿರು ವಾಚು ಬಿಟ್ಟುಬಿಡಿ. ಅಂಥವು ಬಹಳಷ್ಟು ಮುಂಬೈ ಕಡೆಯಿಂದ ಬರ್ತವೆ. ಹಳೇ ಡಯಲ್ ಕೆರೆದು, ಹೊಸ ಬಣ್ಣ ಬಳಿದು, ಮೇಲೆ ಹೆಸರು ಅಚ್ಚು ಹಾಕ್ತಾರೆ. ಮುಳ್ಳು ಒಂದು ವಾಚಿನದು, ಕೇಸು ಇನ್ನೊಂದರದು, ಮಷೀನು ಮತ್ತೊಂದರದು. ಮೇಲೆ ಬಸಪ್ಪ, ಒಳಗೆ ವಿಷಪ್ಪ! ಓಡುತ್ತೆ, ಓಡಲ್ಲ ಅಂತಲ್ಲ. ಆದರೆ ನಿಮ್ಮ ಮಾವ ಕಟ್ಟುತ್ತಿದ್ದ ವಾಚು ಅದಲ್ಲ ಅಲ್ವಾ?

ಫೋಟೊ ದೊಡ್ಡದು ಮಾಡಿ ನೋಡಿ. ಒರಿಜಿನಲ್ ಡಯಲ್ಲಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತೆ. ಮತ್ತೆ ಬಳಿದದ್ದರಲ್ಲಿ 'ಜೆ' ಅಕ್ಷರದ ಬಾಲ ಉಬ್ಬಿಕೊಂಡಿರುತ್ತೆ, ಸಣ್ಣ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ. ಸುತ್ತ ಇರುವ ನಿಮಿಷದ ಗೆರೆಗಳನ್ನು ಗಂಟೆಯ ಗುರುತಿನ ಜೊತೆ ಹೋಲಿಸಿ. 4 ಗಂಟೆ ಹತ್ತಿರ ಸರಿ ಇದ್ದು 8ರ ಹತ್ತಿರ ಗೆರೆ ಪಕ್ಕಕ್ಕೆ ಜಾರಿದ್ದರೆ ಅನುಮಾನ ಬೇಡ. ನಿಮಿಷದ ಮುಳ್ಳು ಆ ಗೆರೆಗಳ ತನಕ ಮುಟ್ಟಬೇಕು. ಗಿಡ್ಡ ಇದ್ದರೆ ಬೇರೆ ವಾಚಿನದು. ಡಯಲ್ ಸ್ವಲ್ಪ ಹಳದಿ ತಿರುಗಿದ್ದರೆ, ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ನಾನು ಖುಷಿಯಿಂದ ತಗೊಳ್ತೀನಿ.

ಹಿಂಬದಿ ಮುಚ್ಚಳ ತೆಗೆದ ಫೋಟೊ ಕೇಳಲೇಬೇಕು. ಕೊಡಲ್ಲ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಮಷೀನಿನ ಮೇಲೆ ಎಚ್‌ಎಂಟಿ ಹೆಸರು, ನಂಬರು ಕೊರೆದಿರುತ್ತೆ. ಜನತಾದಲ್ಲಿ ಸಾಮಾನ್ಯವಾಗಿ 0231 ಇರುತ್ತೆ. ಸ್ಕ್ರೂ ತಲೆಗಳನ್ನು ಗಮನಿಸಿ. ತುಕ್ಕು ಹಿಡಿದು ಕಂದಾಗಿದ್ದರೆ ನೀರು ಒಳಗೆ ಹೋಗಿದೆ. ತಲೆ ಕಿತ್ತುಹೋಗಿದ್ದರೆ ಯಾರೋ ಅರೆಬರೆ ಕಲಿತವರು ಕೈ ಹಾಕಿದ್ದಾರೆ.

ಎಚ್‌ಎಂಟಿ ವಾಚಿನ ಕೆಲಸ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ. ನಮ್ಮೂರ ಫ್ಯಾಕ್ಟರಿ ಬಂದದ್ದು 1978ರಲ್ಲಿ. ಹಾಗಾಗಿ ನಿಮ್ಮ ಮಾವನ ವಾಚು ಇಲ್ಲಿಂದಲೇ ಹೊರಟಿದ್ದರೂ ಇರಬಹುದು. ಹಾಗಂತ 'ಅಪ್ಪಟ ತುಮಕೂರು ವಾಚು' ಅಂತ ಯಾರಾದರೂ ಐನೂರು ಜಾಸ್ತಿ ಕೇಳಿದರೆ ಕೊಡಬೇಡಿ. ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿದ್ದು 2016ರ ಜನವರಿಯಲ್ಲಿ. ಇಲ್ಲಿನ ಜಾಗ ಈಗ ಇಸ್ರೋಗೆ ಹೋಗಿದೆ. ಮುಚ್ಚಿದ ಸುದ್ದಿ ಬಂದಮೇಲೇ ಹಳೇ ವಾಚಿಗೆ ಬೆಲೆ ಬಂತು ನೋಡಿ. ಅಪ್ಪ ಈಗಲೂ ಇದಕ್ಕೆ ನಗ್ತಾರೆ.

ಚಿಕ್ಕಬಳ್ಳಾಪುರದಿಂದ

ಎಲ್ಲರೂ ಡಯಲ್, ಮಷೀನು ಅಂತಿದ್ದೀರಿ. ನಾನು ಬೇರೆ ವಿಷಯ ಹೇಳ್ತೀನಿ. ನಮ್ಮ ಮನೆಯಲ್ಲಿ ಹೀಗೇ ಹಳೇ ವಾಚು ಕೊಟ್ಟಾಗ ನಮ್ಮಜ್ಜಿ ಎಲ್ಲರ ಎದುರಿಗೇ ಕೇಳಿಬಿಟ್ಟರು, 'ಶುಭಕಾರ್ಯಕ್ಕೆ ಯಾರೋ ಕಟ್ಟಿ ಬಿಟ್ಟದ್ದನ್ನು ಕೊಡ್ತಾರೇನ್ರೋ?' ಅಪ್ಪನಿಗೆ ಬೇಜಾರಿರಲಿಲ್ಲ, ಆದರೂ ಸಂಜೆಯವರೆಗೆ ಅದೇ ಚರ್ಚೆ. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಶಾಂತಿಯ ದಿನ ಪಂಚೆ, ಶಲ್ಯ ಕೊಟ್ಟು ವಾಚನ್ನು ಮಾರನೇ ದಿನ ಕೊಡಿ. ಇಲ್ಲವೇ ಹೊಸದೇ ತಗೊಳ್ಳಿ. ಎಚ್‌ಎಂಟಿ ಹೆಸರಿನ ಹೊಸ ವಾಚು ಬೆಂಗಳೂರಿನಲ್ಲಿ ಈಗಲೂ ಮಾರ್ತಾರೆ.

'ಹಳೇ ಸ್ಟಾಕು, ಯಾರೂ ಕಟ್ಟಿಲ್ಲ' ಅನ್ನೋರನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ನನಗೆ ಹಾಗೆ ಹೇಳಿ ಕಳಿಸಿದ ವಾಚಿನ ಹಿಂಬದಿಯಲ್ಲಿ ಯಾರದೋ ಹೆಸರಿನ ಮೊದಲಕ್ಷರ ಕೆತ್ತಿತ್ತು!

ತಿಪಟೂರಿನಿಂದ, ವಾಚ್ ರಿಪೇರಿ ಅಂಗಡಿ

ಮೇಲೆ ತುಮಕೂರಿನ ತಾಯಿ ಡಯಲ್, ಮಷೀನಿನ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿದೆ. ನಾನು ಒಂದೆರಡು ಸೇರಿಸ್ತೀನಿ ಕಣಮ್ಮ.

'ಸರ್ವಿಸ್ ಆಗಿದೆ' ಅಂತ ಮಾರುವವರೆಲ್ಲ ಹೇಳ್ತಾರೆ. ಎಷ್ಟೋ ಸಲ ಅದು ಮಷೀನನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದದ್ದು ಅಷ್ಟೇ. ಸರಿಯಾದ ಸರ್ವಿಸ್ ಅಂದರೆ ಪೂರ್ತಿ ಬಿಚ್ಚಿ, ಒಂದೊಂದು ಚಕ್ರ ತೊಳೆದು, ಕಲ್ಲುಗಳಿಗೆ ಹೊಸ ಎಣ್ಣೆ ಮುಟ್ಟಿಸಿ ಜೋಡಿಸೋದು. 17 ಜ್ಯೂಯೆಲ್ ಅಂತ ಬರೆದಿರೋದು ಆ ಕಲ್ಲುಗಳ ಲೆಕ್ಕ. ಚಕ್ರದ ಮೊನೆ ಸವೆಯದೆ ತಿರುಗಲಿ ಅಂತ ಹಾಕಿರೋ ಕೃತಕ ಮಾಣಿಕ್ಯ ಅವು. ಅದನ್ನು ಕಿತ್ತು ಮಾರಿದರೆ ಎಷ್ಟು ಬರುತ್ತೆ ಅಂತ ಕೇಳುವವರು ಈಗಲೂ ಬರ್ತಾರೆ. ಏನೂ ಬರಲ್ಲ.

ಐದು ಸಾವಿರದಲ್ಲಿ ಪೂರಾ ವಾಚಿಗೇ ಸುರಿಯಬೇಡಿ. ಸರ್ವಿಸಿಗೆ ಅಂತ ಸಾವಿರ, ಒಂದೂವರೆ ಸಾವಿರ ಪಕ್ಕಕ್ಕಿಡಿ. ಸರ್ವಿಸ್ ಆದಮೇಲೆ ಡಯಲ್ ಮೇಲ್ಮುಖ ಮಾಡಿ ಮಲಗಿಸಿ ಒಂದು ದಿನ, ನೆಟ್ಟಗೆ ನಿಲ್ಲಿಸಿ ಒಂದು ದಿನ ಓಡಿಸಿ ನೋಡಿ. ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಈ ವಯಸ್ಸಿನ ವಾಚಿಗೆ ಚಿಂತೆ ಇಲ್ಲ. ಮಲಗಿಸಿದಾಗ ಸರಿ ಓಡಿ, ನೆಟ್ಟಗೆ ನಿಲ್ಲಿಸಿದಾಗ ಐದೈದು ನಿಮಿಷ ಹಿಂದೆ ಬೀಳುತ್ತಿದ್ದರೆ ವಾಪಸ್ ತನ್ನಿ.

ಗ್ಲಾಸಿನ ಮೇಲೆ ಗೀರು ಇದ್ದರೆ ಹೆದರಬೇಡಿ. ಅದು ಪ್ಲಾಸ್ಟಿಕ್ಕು, ಉಜ್ಜಿದರೆ ಹೋಗುತ್ತೆ. ಕೇಸಿನ ಪಾಲಿಶ್ ಎದ್ದು ಹಿತ್ತಾಳೆ ಕಾಣ್ತಿದ್ದರೆ ಮಾತ್ರ ಯೋಚನೆ ಮಾಡಿ.

ಮಾವನಿಗೆ ಹೇಳಿ: ಬೆಳಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ ಕೀ ಕೊಡಬೇಕು. ಕಟ್ಟಿಕೊಂಡೇ ಕೊಟ್ಟರೆ ಕೀ ತಿರುಗಿಸುವ ಕಡ್ಡಿ ಓರೆಯಾಗಿ ಸವೆಯುತ್ತೆ. ಬಿಗಿಯಾಯ್ತು ಅನಿಸಿದ ತಕ್ಷಣ ನಿಲ್ಲಿಸಬೇಕು. ಕೈ ಕಾಲು ತೊಳೆಯುವಾಗ ತೆಗೆದಿಡಲಿ. ಮೊಬೈಲಿನ ಸ್ಪೀಕರ್ ಪಕ್ಕ ಇಡೋದು ಬೇಡ. ಅಯಸ್ಕಾಂತ ಹಿಡಿದರೆ ವಾಚು ಮುಂದೆ ಓಡೋಕೆ ಶುರುಮಾಡುತ್ತೆ.

ಕೇಳಿದವರು, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಹಸಿರಿನದು ಬಿಟ್ಟೆ. ಅತ್ತೆಯೇ ಗುಟ್ಟಾಗಿ ಆಲ್ಬಮ್ಮಿನ ಫೋಟೊ ಕಳಿಸಿದರು. ಬಿಳಿ ಡಯಲ್, ತಾರೀಖು ಇಲ್ಲ, ಬಹುಶಃ ಜನತಾನೇ. ಹಳೇದು ಅಂತ ಅತ್ತೆಗೆ ಬೇಸರ ಇಲ್ಲವಂತೆ. 'ಕೀ ಕೊಡೋದು ಮರೆತು ನನ್ನ ಮೇಲೆ ಹಾಕ್ತಾರೆ, ಅದೊಂದೇ ಭಯ' ಅಂದರು. ಕ್ಯಾತ್ಸಂದ್ರದಲ್ಲಿ ಒಬ್ಬರ ಹತ್ತಿರ ಅವರ ತಂದೆಯ ಜನತಾ ಇದೆ, 2,500 ಹೇಳ್ತಿದ್ದಾರೆ. ಮುಚ್ಚಳ ತೆಗೆಸಿ ನೋಡೋಕೂ ಒಪ್ಪಿದ್ದಾರೆ. ಭಾನುವಾರ ಹೋಗ್ತೀನಿ. ಬೆಲ್ಟು ಪೂರ್ತಿ ಹೋಗಿದೆ. ಚೈನ್ ಹಾಕಿಸಲಾ, ಚರ್ಮದ್ದಾ?

ತುಮಕೂರಿನವಳೇ, ಅಪ್ಪ ಎಚ್‌ಎಂಟಿಯಲ್ಲಿದ್ದರು

ಆಲ್ಬಮ್ಮಿನಲ್ಲಿ ಏನಿದೆಯೋ ಅದೇ ಹಾಕಿಸಿ. ಜನತಾಕ್ಕೆ 18 ಎಂಎಂ ಕೂರುತ್ತೆ, ಆದರೂ ವಾಚು ತಗೊಂಡೇ ಅಂಗಡಿಗೆ ಹೋಗಿ. ಚರ್ಮದ್ದಾದರೆ ಮಾವನ ಮಣಿಕಟ್ಟಿನ ಅಳತೆ ಅತ್ತೆ ಹತ್ತಿರ ದಾರದಲ್ಲಿ ತರಿಸಿಕೊಳ್ಳಿ. ಭಾನುವಾರ ಮುಚ್ಚಳ ತೆಗೆದಾಗ ಫೋಟೊ ಹೊಡೆದು ಇಲ್ಲಿ ಹಾಕಿ, ದುಡ್ಡು ಕೊಡೋಕೆ ಮುಂಚೆ ಅಪ್ಪನಿಗೆ ತೋರಿಸ್ತೀನಿ.