‘ಕಡ್ಡಾಯ ನಿವೃತ್ತಿ’ಯೋ ‘ವಯೋನಿವೃತ್ತಿ’ಯೋ? ಪೊಲೀಸ್ ಅಧಿಕಾರಿಗಳ ವಿಷಯದಲ್ಲಿ ಒಂದು ಸಂದೇಹ

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಹಿರಿಯ ಪೊಲೀಸ್ ಅಧಿಕಾರಿಗಳ ನಿವೃತ್ತಿ ನಿಯಮಗಳ ಬಗೆಗಿನ ಬರಹವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಐಪಿಎಸ್ ಅಧಿಕಾರಿಗಳ ಕಡ್ಡಾಯ ನಿವೃತ್ತಿ ವಯಸ್ಸು 60’ ಅಂತ ಒಂದು ವಾಕ್ಯ ಇದೆ. ಸಲೀಸಾಗಿ ಓದಿಸಿಕೊಳ್ಳುತ್ತದೆ. ಆದರೆ ನನ್ನ ಪ್ರಕಾರ ಇಲ್ಲಿ ‘ಕಡ್ಡಾಯ’ ಬರಬಾರದು. ಪತ್ರಿಕೆಗಳಲ್ಲೂ ಇದೇ ಬಳಕೆ ಆಗಾಗ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ಯಾಕೆ ಬರಬಾರದು ಅಂದರೆ, ಸರ್ಕಾರಿ ಕಡತದಲ್ಲಿ ‘ಕಡ್ಡಾಯ ನಿವೃತ್ತಿ’ ಅನ್ನುವುದು ಒಂದು ಶಿಕ್ಷೆಯ ಹೆಸರು. ಐಎಎಸ್, ಐಪಿಎಸ್ ಅಧಿಕಾರಿಗಳಿಗೆ ಅನ್ವಯಿಸುವ 1969ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳಲ್ಲಿ ದೊಡ್ಡ ದಂಡನೆಗಳ ಪಟ್ಟಿ ಇದೆ. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ. ಅಂದರೆ ಇಲಾಖಾ ವಿಚಾರಣೆ ನಡೆದು, ಆರೋಪ ಸಾಬೀತಾಗಿ, ವಜಾಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಶಿಕ್ಷೆ ಕೊಟ್ಟರು ಅಂತ ಅರ್ಥ. ಮೂವತ್ತು ಚಿಲ್ಲರೆ ವರ್ಷ ಒಂದೂ ಕಪ್ಪುಚುಕ್ಕೆ ಇಲ್ಲದೆ ಕೆಲಸ ಮಾಡಿ, ಕೋರಮಂಗಲದ ಕೆಎಸ್‌ಆರ್‌ಪಿ ಮೈದಾನದಲ್ಲಿ ಬೀಳ್ಕೊಡುಗೆ ಕವಾಯತು ಸ್ವೀಕರಿಸಿ ಮನೆಗೆ ಹೋಗುವವರಿಗೂ ಅದೇ ಪದ, ವಿಚಾರಣೆಯಲ್ಲಿ ತಪ್ಪಿತಸ್ಥರಾಗಿ ಹೊರಬಿದ್ದವರಿಗೂ ಅದೇ ಪದ ಅಂದರೆ ಮೊದಲಿನವರಿಗೆ ಅನ್ಯಾಯ ಮಾಡಿದ ಹಾಗೆ ಅಲ್ವಾ?

ವಯಸ್ಸಿನ ಕಾರಣಕ್ಕೆ ಆಗುವುದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಮೊದಲಿಂದಲೂ ಇದೆ: ವಯೋನಿವೃತ್ತಿ. ಯಾವ ಇಲಾಖೆಯ ಆದೇಶ ತೆಗೆದರೂ ‘ಸದರಿಯವರು ದಿನಾಂಕ 31ರ ಅಪರಾಹ್ನ ವಯೋನಿವೃತ್ತಿ ಹೊಂದಲಿದ್ದು’ ಅಂತಲೇ ಇರುತ್ತದೆ. ಆ ‘ಅಪರಾಹ್ನ’ವೂ ಸುಮ್ಮನೆ ಬಂದದ್ದಲ್ಲ. 60 ತುಂಬುವ ತಿಂಗಳಿನ ಕೊನೆಯ ದಿನದ ಮಧ್ಯಾಹ್ನದ ನಂತರ ಸೇವೆ ಮುಗಿಯುತ್ತದೆ ಅಂತ ನಿಯಮದಲ್ಲೇ ಇದೆ. ಐಪಿಎಸ್‌ನವರಿಗೆ ಇದು 1958ರ ನಿವೃತ್ತಿ ಸೌಲಭ್ಯಗಳ ನಿಯಮಗಳಿಂದ ಬಂದದ್ದು. ತಿಂಗಳ ಒಂದನೇ ತಾರೀಕು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ನಮ್ಮ ಕಡೆ ಹಿಂದೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಹಾಗೆ ಬರೆಸಿಕೊಂಡವರೆಲ್ಲ ನೌಕರಿಯಿಂದ ಬಿಡುಗಡೆಯಾಗುವುದು ಮೇ 31ಕ್ಕೆ.

ವಯಸ್ಸಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೇಂದ್ರದಲ್ಲಿ ಮೊದಲು 55 ಇತ್ತು, 1962ರಲ್ಲಿ 58 ಆಯಿತು, 1998ರಲ್ಲಿ 60 ಆಯಿತು. ಕರ್ನಾಟಕ ಸರ್ಕಾರದ ನೌಕರರಿಗೆ 58 ಹೋಗಿ 60 ಬಂದದ್ದು 2008ರಲ್ಲಿ. ಈಗ ಇಲ್ಲಿ ಕಾನ್‌ಸ್ಟೆಬಲ್‌ಗೂ 60, ಡಿಜಿಪಿಗೂ 60. ಪಕ್ಕದ ಕೇರಳದಲ್ಲಿ ಹಾಗಿಲ್ಲ. ಅಲ್ಲಿ ಹಳೇ ಪಿಂಚಣಿಯ ರಾಜ್ಯ ನೌಕರರು 56ಕ್ಕೇ ನಿವೃತ್ತರು, ಐಪಿಎಸ್‌ನವರಿಗೆ ಮಾತ್ರ 60. ಹಾಗಾಗಿ ರಾಜ್ಯ ಸೇವೆಯ ಎಸ್‌ಪಿ ಒಬ್ಬರಿಗೆ ಐಪಿಎಸ್ ಪದೋನ್ನತಿ ಸಿಕ್ಕರೆ ನಾಲ್ಕು ವರ್ಷದ ಸರ್ವೀಸ್ ಕೂಡ ಜೊತೆಗೇ ಸಿಕ್ಕ ಹಾಗೆ.

ಇಷ್ಟೇ ಆಗಿದ್ದರೆ ನಿಮಗೆ ಬರೆಯುವ ಅಗತ್ಯ ಇರಲಿಲ್ಲ. ಶಿಕ್ಷೆಯ ನಿವೃತ್ತಿ, ವಯೋನಿವೃತ್ತಿ ಎರಡೂ ಅಲ್ಲದ ಮೂರನೆಯ ಬಗೆಯ ನಿವೃತ್ತಿಯಲ್ಲಿದೆ ತೊಡಕು. ಅದೇ 1958ರ ನಿಯಮಗಳ 16(3)ರಲ್ಲಿ ಇನ್ನೊಂದು ದಾರಿ ಇದೆ. 15 ವರ್ಷ ಇಲ್ಲವೇ 25 ವರ್ಷ ಸೇವೆ ಮುಗಿದಾಗ, ಅಥವಾ 50 ವರ್ಷ ವಯಸ್ಸು ತುಂಬಿದಾಗ ಅಧಿಕಾರಿಯ ಕೆಲಸದ ಪರಾಮರ್ಶೆ ನಡೆಯುತ್ತದೆ. ಮುಂದುವರಿಸುವುದು ಬೇಡ ಅನ್ನಿಸಿದರೆ ಕೇಂದ್ರ ಸರ್ಕಾರ ರಾಜ್ಯದ ಜೊತೆ ಸಮಾಲೋಚಿಸಿ, ಮೂರು ತಿಂಗಳ ನೋಟಿಸು ಅಥವಾ ಅಷ್ಟು ತಿಂಗಳ ಸಂಬಳ ಕೊಟ್ಟು, ‘ಸಾರ್ವಜನಿಕ ಹಿತದೃಷ್ಟಿಯಿಂದ’ ಮನೆಗೆ ಕಳಿಸಬಹುದು. 2021ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಐಪಿಎಸ್ ಅಧಿಕಾರಿ ಅಮಿತಾಭ್ ಠಾಕೂರ್ ಅವರನ್ನು ಕಳಿಸಿದ್ದು ಹೀಗೆ. ಇದು ಶಿಕ್ಷೆ ಅಲ್ಲ. ಶ್ಯಾಮ್ ಲಾಲ್ ಪ್ರಕರಣದಲ್ಲಿ 1954ರಲ್ಲೇ ಸುಪ್ರೀಂ ಕೋರ್ಟ್ ಇಂಥ ನಿವೃತ್ತಿ ವಜಾವೂ ಅಲ್ಲ, ತೆಗೆದುಹಾಕಿದ್ದೂ ಅಲ್ಲ ಅಂದಿತು. 1992ರ ಬೈಕುಂಠನಾಥ ದಾಸ್ ತೀರ್ಪಿನಲ್ಲಿ ಇದರಿಂದ ಕಳಂಕ ತಟ್ಟುವುದಿಲ್ಲ ಅಂತಲೂ ಹೇಳಿತು. ಆದರೆ ಕನ್ನಡದಲ್ಲಿ ಇದಕ್ಕೂ ಹೆಸರು ‘ಕಡ್ಡಾಯ ನಿವೃತ್ತಿ’. ಕಳಂಕ ಇಲ್ಲ ಅಂತ ಕೋರ್ಟು ಹೇಳಿದ್ದಕ್ಕೂ, ವಿಚಾರಣೆ ಮಾಡಿ ಕೊಟ್ಟ ದಂಡನೆಗೂ ಒಂದೇ ಪದ. ಓದುವವರಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ನ್ಯಾಯವಾಗಿ ಹೇಳಬೇಕೆಂದರೆ ಈ ಗೊಂದಲ ಕನ್ನಡದವರು ಹುಟ್ಟಿಸಿದ್ದಲ್ಲ. ಬ್ರಿಟಿಷರ ಕಾಲದಿಂದ ಬಂದ, ಸರ್ಕಾರಿ ನೌಕರರ ಸೇವೆಯ ‘ಮೂಲ ನಿಯಮಗಳು’ (ಫಂಡಮೆಂಟಲ್ ರೂಲ್ಸ್) ಅನ್ನುವುದರ 56ನೇ ನಿಯಮದ ಹಳೇ ಇಂಗ್ಲಿಷ್ ರೂಪದಲ್ಲಿ 55 ತುಂಬುವ ದಿನವನ್ನೇ ‘ಕಂಪಲ್ಸರಿ ರಿಟೈರ್‌ಮೆಂಟ್’ ದಿನ ಅಂತ ಕರೆದಿದ್ದರು. ಅವತ್ತು ಆ ಮಾತು ವಯಸ್ಸಿಗೂ ಸಲ್ಲುತ್ತಿತ್ತು. ಆಮೇಲೆ ಇಂಗ್ಲಿಷ್ ನಿಯಮಗಳಲ್ಲಿ ವಯಸ್ಸಿಗೆ ‘ಸೂಪರ್‌ಆನ್ಯುಯೇಷನ್’ ಗಟ್ಟಿಯಾಯಿತು. ನಾವೂ ವಯೋನಿವೃತ್ತಿ ಅಂತ ಮಾಡಿಕೊಂಡೆವು. ಈಗ ಇಂಗ್ಲಿಷ್‌ನ ‘ಮ್ಯಾಂಡೇಟರಿ’ ನೋಡಿದ ಕೂಡಲೇ ‘ಕಡ್ಡಾಯ’ ಅಂತ ಹಾಕಿದರೆ ಬಿಡಿಸಿದ ಗಂಟನ್ನು ಮತ್ತೆ ಹಾಕಿದಂತೆ.

ಇನ್ನೊಂದು ವಿಷಯ ಗಮನಿಸಿದ್ದೇನೆ, ನನಗೆ ಮುಖ್ಯ ಅನ್ನಿಸಿದ್ದೂ ಇದೇ. ಕನ್ನಡದಲ್ಲಿ ನಾಮಪದಕ್ಕಿಂತ ಕ್ರಿಯಾಪದವೇ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ವಯಸ್ಸಾಗಿ ಹೋದವರು ‘ನಿವೃತ್ತರಾದರು’. ಕೇಳಿಕೊಂಡು ಹೋದವರು ‘ಸ್ವಯಂ ನಿವೃತ್ತಿ ಪಡೆದರು’. ಸರ್ಕಾರ ಕಳಿಸಿದ್ದಾದರೆ ‘ನಿವೃತ್ತಿಗೊಳಿಸಲಾಯಿತು’. ಆಗು, ಪಡೆ, ಗೊಳಿಸು: ಈ ಮೂರರಲ್ಲಿ ಯಾವುದು ಬಂತು ಅನ್ನುವುದರ ಮೇಲೆ ಯಾರ ಇಚ್ಛೆ ನಡೆಯಿತು ಅಂತ ತಿಳಿದುಬಿಡುತ್ತದೆ. ಹಾಗಿರುವಾಗ ‘ಡಿಜಿಪಿ ಕಡ್ಡಾಯ ನಿವೃತ್ತಿ’ ಅಂತ ಕ್ರಿಯಾಪದವೇ ಇಲ್ಲದ ತಲೆಬರಹ ಕೊಟ್ಟರೆ ನಮ್ಮ ಭಾಷೆಯಲ್ಲಿರುವ ಅನುಕೂಲವನ್ನು ನಾವೇ ಕೈಬಿಟ್ಟಂತೆ. ನನ್ನ ಬರಹದಲ್ಲಿ ಆ ವಾಕ್ಯವನ್ನು ‘ಐಪಿಎಸ್ ಅಧಿಕಾರಿಗಳು 60 ತುಂಬಿದ ತಿಂಗಳ ಕೊನೆಗೆ ನಿವೃತ್ತರಾಗಲೇಬೇಕು’ ಅಂತ ತಿದ್ದಿದ್ದೇನೆ. ಕಡ್ಡಾಯ ಅನ್ನುವ ಭಾವ ‘ಲೇಬೇಕು’ನಲ್ಲಿ ಬಂತು. ಶಿಕ್ಷೆಯ ವಾಸನೆ ಇಲ್ಲ.

ಇನ್ನು ಡಿಜಿಪಿ ಹುದ್ದೆಯ ವಿಷಯ. ಇಲ್ಲಿ ವಯಸ್ಸಿನ ಜೊತೆ ಅಧಿಕಾರಾವಧಿಯೂ ಸೇರಿಕೊಳ್ಳುತ್ತದೆ. ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು, ರಾಜ್ಯದ ಪೊಲೀಸ್ ಮುಖ್ಯಸ್ಥರಿಗೆ ವಯೋನಿವೃತ್ತಿಯ ದಿನ ಯಾವುದೇ ಇರಲಿ, ಕನಿಷ್ಠ ಎರಡು ವರ್ಷ ಆ ಹುದ್ದೆಯಲ್ಲಿ ಅವಕಾಶ ಇರಬೇಕು ಅಂತ ಹೇಳಿತು. ಇದರಿಂದ ಕೊನೇ ಗಳಿಗೆಯಲ್ಲಿ ಬೇಕಾದವರನ್ನು ತಂದು ಕೂರಿಸುವುದಕ್ಕೂ ದಾರಿಯಾಗಬಹುದಿತ್ತು. ಹಾಗಾಗಿ 2019ರಲ್ಲಿ, ಕನಿಷ್ಠ ಆರು ತಿಂಗಳ ಸೇವೆ ಉಳಿದವರನ್ನು ಮಾತ್ರ ಪರಿಗಣಿಸಬೇಕು ಅಂತ ಸ್ಪಷ್ಟಪಡಿಸಿತು. ನಮ್ಮಲ್ಲೇ ನೋಡಿ, ಡಿಜಿ-ಐಜಿಪಿ, ಅಂದರೆ ರಾಜ್ಯದ ಪೊಲೀಸ್ ಮುಖ್ಯಸ್ಥ ಆಗಿದ್ದ ಅಲೋಕ್ ಮೋಹನ್ 2025ರ ಏಪ್ರಿಲ್ 30ಕ್ಕೆ ನಿವೃತ್ತರಾಗಬೇಕಿತ್ತು, ಮೇ 21ರವರೆಗೆ ಮುಂದುವರಿದರು. ಅವರಿಗಿಂತ ಮೊದಲು ಆ ಹುದ್ದೆಯಲ್ಲಿದ್ದ ಪ್ರವೀಣ್ ಸೂದ್ 2023ರ ಮೇನಲ್ಲಿ ಸಿಬಿಐ ನಿರ್ದೇಶಕರಾದರು. ಮರುವರ್ಷ ಅವರಿಗೆ 60 ತುಂಬಿದರೂ ಎರಡು ವರ್ಷದ ಅವಧಿ ಇದ್ದದ್ದರಿಂದ ಹುದ್ದೆಯಲ್ಲೇ ಉಳಿದರು, 2025ರಲ್ಲಿ ಇನ್ನೊಂದು ವರ್ಷ ಸಿಕ್ಕಿತು. 2021ರ ತಿದ್ದುಪಡಿಯ ಮೇಲೆ ಸಿಬಿಐ ಮತ್ತು ಜಾರಿ ನಿರ್ದೇಶನಾಲಯದ (ಇ.ಡಿ.) ನಿರ್ದೇಶಕರಿಗೆ ಒಟ್ಟು ಐದು ವರ್ಷದವರೆಗೂ ಹೀಗೆ ವರ್ಷ ವರ್ಷ ಸೇರಿಸಿಕೊಂಡು ಹೋಗಬಹುದು.

ಇವೆಲ್ಲಕ್ಕೂ ಪತ್ರಿಕೆಗಳಲ್ಲಿ ‘ಸೇವಾವಧಿ ವಿಸ್ತರಣೆ’ ಅಂತ ಒಂದೇ ಮಾತು ಬರುತ್ತದೆ. ಅದೂ ನನಗೆ ಸಾಲದು ಅನ್ನಿಸುತ್ತದೆ. ಹುದ್ದೆಗೆ ನಿಗದಿಯಾದ ಅವಧಿ ಮುಗಿಯುವವರೆಗೆ ಇರುವುದು ಬೇರೆ. ಅವಧಿ ಮುಗಿದ ಮೇಲೆ ಸರ್ಕಾರ ಮತ್ತಷ್ಟು ಕೊಡುವುದು ಬೇರೆ. ನಿವೃತ್ತರಾದ ಮೇಲೆ ಸಲಹೆಗಾರರಾಗಿಯೋ ಇನ್ನೊಂದಾಗಿಯೋ ತೆಗೆದುಕೊಂಡರೆ ಅದು ಮರುನೇಮಕ. ಮೊದಲನೆಯದಕ್ಕೆ ‘ಮುಂದುವರಿಕೆ’, ಎರಡನೆಯದಕ್ಕೆ ಮಾತ್ರ ‘ವಿಸ್ತರಣೆ’ ಅಂತ ಇಟ್ಟುಕೊಳ್ಳೋಣ ಅನ್ನಿಸುತ್ತಿದೆ. ಯಾರಿಗಾದರೂ ಇದಕ್ಕೆ ತಕರಾರಿದ್ದರೆ ಹೇಳಿ.

ನಿಮ್ಮಿಂದ ಬೇಕಾದ್ದು ಎರಡು. ಒಂದು, 16(3)ರ ನಿವೃತ್ತಿಗೆ ‘ಕಡ್ಡಾಯ ನಿವೃತ್ತಿ’ ಬಿಟ್ಟು ಬೇರೆ ಪದ. ‘ಅವಧಿಪೂರ್ವ ನಿವೃತ್ತಿ’ ಅಂತ ಕೆಲವರು ಬರೆಯುತ್ತಾರೆ. ಆದರೆ ತಾವಾಗಿಯೇ ಬೇಗ ಹೋದವರದ್ದೂ ಅವಧಿಪೂರ್ವವೇ ಅಲ್ವಾ? ‘ಪರಾಮರ್ಶೆ ನಿವೃತ್ತಿ’ ಅಂದರೆ ಹೇಗೆ? ಕಿವಿಗೆ ಸ್ವಲ್ಪ ಹೊಸದು, ಅರ್ಥ ಮಾತ್ರ ಸರಿಯಾಗಿ ಕೂರುತ್ತದೆ.

ಎರಡು, ಕೋರ್ಟು ಹೇಳಿದ ಆ ಆರು ತಿಂಗಳಿಗೆ, ಅಂದರೆ ನಿವೃತ್ತಿಗೆ ಇನ್ನೂ ಬಾಕಿ ಇರುವ ಕಾಲಕ್ಕೆ ಏನನ್ನಬೇಕು? ‘ಅವಶಿಷ್ಟ ಸೇವಾವಧಿ’ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಠಾಣೆಯಲ್ಲಿ ಜನ ‘ಸಾಹೇಬ್ರಿಗೆ ಇನ್ನೂ ಎರಡು ವರ್ಷ ಸರ್ವೀಸ್ ಇದೆ’ ಅಂತಾರೆ, ಅಷ್ಟೇ. ‘ಉಳಿಕೆ ಸೇವೆ’ ಅಂತ ನಾನು ಬರೆದಿಟ್ಟುಕೊಂಡಿದ್ದೇನೆ. ಪೊಲೀಸ್ ಇಲಾಖೆಯಲ್ಲೋ ಸಚಿವಾಲಯದಲ್ಲೋ ಕೆಲಸ ಮಾಡಿದವರು, ಮನೆಯಲ್ಲಿ ಅಂಥವರು ಇರುವವರು, ನಿಮ್ಮ ಕಡತಗಳಲ್ಲಿ ಇದಕ್ಕೆ ಏನು ಬರೆಯುತ್ತಿದ್ದಿರಿ ಅಂತ ದಯವಿಟ್ಟು ತಿಳಿಸಿ. ಹಳೇ ಮೈಸೂರು ಕಡೆ ಒಂದು, ಧಾರವಾಡ, ಕಲಬುರಗಿ ಕಡೆ ಇನ್ನೊಂದು ಇದ್ದರೆ ಎರಡನ್ನೂ ಬರೆಯಿರಿ.