ಅಪ್‌ಡೇಟ್: ನಮ್ಮ ಪುಟ್ಟ ಗೇಮ್ ಎಂಜಿನ್ ಉಳಿಯಿತು

ಹಾಸನದಲ್ಲಿ ನಾವು ಕೆಲವರು ಸೇರಿ ಕನ್ನಡ ಗೇಮ್‌ಗಳಿಗಾಗಿ ಕಟ್ಟಿದ ಎಂಜಿನ್‌ನ (ಗೇಮ್ ಮಾಡಲು ಬಳಸುವ ಸಾಫ್ಟ್‌ವೇರ್) ಸರ್ವರ್ ಬಾಡಿಗೆ ಒಬ್ಬರ ಜೇಬಿನಿಂದಲೇ ಹೋಗುತ್ತಿದೆ, ಹೀಗೇ ಎಷ್ಟು ದಿನ ನಡೆಸೋದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಖರ್ಚು ಇಳಿಸಿದೆವು. ಫೈಲುಗಳನ್ನೂ ಪಾಠಗಳನ್ನೂ ಕೋಡ್ ಬಿಟ್ಟಿಯಾಗಿ ಇಡಬಹುದಾದ ಗಿಟ್‌ಹಬ್ ಸೈಟಿಗೆ ಹಾಕಿದ ಮೇಲೆ ಸರ್ವರೇ ಬೇಕಾಗಲಿಲ್ಲ. ಈಗ ಡೊಮೇನ್ (ವೆಬ್ ವಿಳಾಸ) ದುಡ್ಡು ಮಾತ್ರ.

ಎಂಜಿನ್‌ಗೆ ಬೆಲೆ ಕಟ್ಟಿ ಅಂತ ಕೆಲವರು ಹೇಳಿದ್ದಿರಿ. ಒಪ್ಪಲಿಲ್ಲ. ಸಕಲೇಶಪುರದ ಹುಡುಗರು ಕಾಡಾನೆ ಗೇಮ್ ಮಾಡುತ್ತಿದ್ದಾರೆ, ಅವರ ಹತ್ತಿರ ದುಡ್ಡು ಕೇಳೋದು ಹೇಗೆ? 2014ರಲ್ಲಿ ಗೊಡೋ ಅನ್ನೋ ಗೇಮ್ ಎಂಜಿನ್, ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್‌ನಲ್ಲಿ ಬಂದ ಹಾಗೆ ನಮ್ಮದೂ ಎಲ್ಲರಿಗೂ ಬಿಟ್ಟಿಯೇ. ಬದಲಿಗೆ, ಇಷ್ಟ ಇದ್ದವರು ಯುಪಿಐನಲ್ಲಿ ತಿಂಗಳಿಗೆ 50 ರೂಪಾಯಿ ಹಾಕುತ್ತಾರೆ, ಪ್ರತಿ ರೂಪಾಯಿಯ ಲೆಕ್ಕ ಗ್ರೂಪಿನಲ್ಲಿ ಹಾಕುತ್ತೇವೆ. 2002ರಲ್ಲಿ ಬ್ಲೆಂಡರ್ ಅನ್ನೋ 3ಡಿ ಚಿತ್ರದ ಸಾಫ್ಟ್‌ವೇರ್‌ನ ಅಭಿಮಾನಿಗಳು ಏಳು ವಾರದಲ್ಲಿ 1 ಲಕ್ಷ ಯೂರೋ ಕೂಡಿಸಿ ಅದರ ಕೋಡ್ ಎಲ್ಲರಿಗೂ ಸಿಗುವ ಹಾಗೆ ಮಾಲೀಕರಿಂದ ಬಿಡಿಸಿಕೊಂಡಿದ್ದರು. ನಮಗೆ ಅಷ್ಟೆಲ್ಲ ಬೇಡ, ಆದರೆ ಬಳಸುವವರೇ ಉಳಿಸಿಕೊಳ್ಳಬಹುದು ಅನ್ನೋ ಧೈರ್ಯ ಬಂದದ್ದು ಅಲ್ಲಿಂದಲೇ.

ಬಂದ ದುಡ್ಡಿನಲ್ಲಿ ಮೊದಲು ಒತ್ತಕ್ಷರ ಸರಿಮಾಡಿಸಿದೆವು. ಗೇಮ್‌ನಲ್ಲಿ ಬಸ್ ಬೋರ್ಡ್ ಮೇಲೆ ‘ಚಿಕ್‌ಕಮಗಳೂರು’ ಅಂತ ಒಡೆದು ಬರುತ್ತಿತ್ತು. ಈಗ ಒತ್ತು ಕ ಅಕ್ಷರದ ಕೆಳಗೇ ಕೂರುತ್ತದೆ, ‘ಚಿಕ್ಕಮಗಳೂರು’! ಮಾಡಿಕೊಟ್ಟದ್ದು ಅದೇ ಊರಿನ ಒಬ್ಬ ವಿದ್ಯಾರ್ಥಿನಿ. ಸುಮ್ನೆ ಮಾಡಿಕೊಡುತ್ತೇನೆ ಅಂದರು, ಆದರೂ ಕೊಟ್ಟೆವು. ಕೆಲಸಕ್ಕೆ ಕೂಲಿ ಕೊಡಬೇಕು ಅಲ್ವಾ?

ಎಲ್ಲಾ ಪಾಸ್‌ವರ್ಡ್ ಒಬ್ಬರ ಹತ್ತಿರವೇ ಇತ್ತು, ಈಗ ಮೂವರ ಹತ್ತಿರ ಇದೆ.

ಮುಂದಿನದು ಆಂಡ್ರಾಯ್ಡ್ ಎಕ್ಸ್‌ಪೋರ್ಟ್, ಅಂದರೆ ಗೇಮ್ ಆಂಡ್ರಾಯ್ಡ್ ಫೋನಿನಲ್ಲಿ ಓಡುವ ಹಾಗೆ ಮಾಡೋದು. ಹಳೇ ಫೋನ್ ಇದ್ದವರು ದಯವಿಟ್ಟು ಟೆಸ್ಟ್ ಮಾಡಿಕೊಡಿ.